ನಾಯಿ ಇರುವ ಮನೆಗೆ ಇನ್ನೊಂದು ನಾಯಿ ಕಳಿಸುವ ಮೊದಲು

ಮಾನ್ಯ ಸಂಪಾದಕರೇ,

ನಮ್ಮ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈಗ ಗಾಯವಾದ ನಾಯಿಗಳ ಫೋಟೊ ಜಾಸ್ತಿ ಬರುತ್ತಿವೆ. ಕೆಳಗೆ ‘ಯಾರಾದರೂ ಸ್ವಲ್ಪ ದಿನ ಫೋಸ್ಟರ್ ಮಾಡಿ’, ಅಂದರೆ ಸದ್ಯಕ್ಕೆ ಮನೆಯಲ್ಲಿಟ್ಟು ನೋಡಿಕೊಳ್ಳಿ, ಅಂತ ಒಂದು ಸಾಲು. ಯಾರೂ ಸಿಗದಿದ್ದರೆ ಮನೆಯಲ್ಲಿ ಆಗಲೇ ನಾಯಿ ಇರುವವರಿಗೆ ಫೋನ್ ಬರುತ್ತದೆ. ನನಗೂ ಬಂತು. “ಟೀಚರೇ, ನಿಮ್ಮಲ್ಲಿ ಹೇಗೂ ಒಂದು ನಾಯಿ ಉಂಟಲ್ಲ, ಇದೂ ಒಂದು ಮೂಲೆಯಲ್ಲಿ ಇರಲಿ.” ಒಂದು ಇದ್ದರೆ ಎರಡನೆಯದು ಸುಲಭ ಅಂತ ಅವರ ಲೆಕ್ಕ. ಆ ಲೆಕ್ಕ ಸರಿಯಿಲ್ಲ ಅಂತ ಹೇಳಲು ಈ ಪತ್ರ.

ಬಂದದ್ದು ಗಾಡಿ ಬಡಿದು ಬೆನ್ನುಮೂಳೆಗೆ ಪೆಟ್ಟಾದ ಹೆಣ್ಣು ನಾಯಿ. ಹಿಂಗಾಲು ಎರಡಕ್ಕೂ ಸ್ಪರ್ಶವೇ ಇಲ್ಲ. ಕುತ್ತಿಗೆಯಲ್ಲಿ ಬೆಲ್ಟಿನ ಗುರುತಿತ್ತು. ಅಂದರೆ ಯಾರದೋ ಮನೆಯಲ್ಲಿ ಬೆಳೆದದ್ದೇ. ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಯಲ್ಲಿ ನರಳಲು ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ! ಆ ದುಡ್ಡಿಗೆ ಈಗ ಎರಡು ಮಸಾಲೆ ದೋಸೆಯೂ ಬರುವುದಿಲ್ಲ.

ಇಂಥ ನಾಯಿಗೆ ಅನ್ನ ಹಾಕಿದರೆ ಸಾಕು ಅಂದುಕೊಂಡವರು ಕೇಳಿ. ಅದು ತಾನಾಗಿ ಉಚ್ಚೆ ಹೊಯ್ಯುವುದಿಲ್ಲ. ದಿನಕ್ಕೆ ಮೂರು ನಾಲ್ಕು ಸಲ ಕೆಳಹೊಟ್ಟೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಒತ್ತಿ ಹೊಯ್ಯಿಸಬೇಕು. ಒಳಗೇ ನಿಂತರೆ ಸೋಂಕು ಗ್ಯಾರಂಟಿ. ಎಲ್ಲಿ, ಎಷ್ಟು ಒತ್ತಬೇಕು ಅನ್ನುವುದನ್ನು ಪಶು ಡಾಕ್ಟರು ನನ್ನ ಕೈ ಹಿಡಿದು ತೋರಿಸಿದ ಮೇಲೇ ಗೊತ್ತಾದದ್ದು. ವಿಡಿಯೊ ನೋಡಿ ಬರುವ ಕೆಲಸವಲ್ಲ. ಒಂದೇ ಮಗ್ಗುಲಲ್ಲಿ ಮಲಗಿದರೆ ಸೊಂಟದ ಮೂಳೆಯ ಮೇಲೆ ಹುಣ್ಣಾಗುತ್ತದೆ, ರಾತ್ರಿಯೂ ಎದ್ದು ಮಗ್ಗುಲು ಬದಲಿಸಬೇಕು.

ಇದೆಲ್ಲ ಎಲ್ಲ ಊರಿನಲ್ಲೂ ಇದ್ದದ್ದೇ. ಕೊಡಗಿನ ಮಳೆಗಾಲ ಬೇರೆ ಕಥೆ. ಒದ್ದೆಯಾದ ಬಟ್ಟೆ ಒಣಗುವುದೇ ಇಲ್ಲ. ನಮ್ಮ ಬಚ್ಚಲಿನ ಒಲೆಯ ಮೇಲೆ ಹಗ್ಗ ಕಟ್ಟಿ, ಹಳೆ ಸೀರೆಯ ತುಂಡುಗಳನ್ನು ಹೊಗೆಯಲ್ಲೇ ಒಣಗಿಸಿದೆ. ನಾಯಿಗೂ ಹೊಗೆ ವಾಸನೆ, ನನಗೂ ಹೊಗೆ ವಾಸನೆ. ಇನ್ನು ಜಿಗಣೆ. ಬೇರೆ ನಾಯಿಗಳು ನೆಕ್ಕಿಯೋ ಕಚ್ಚಿಯೋ ತೆಗೆದುಕೊಳ್ಳುತ್ತವೆ. ಇವಳಿಗೆ ಕಾಲಿನ ಅರಿವೇ ಇಲ್ಲ. ಬೆರಳ ಸಂದಿಯಲ್ಲಿ ಕೂತು ರಕ್ತ ಹೀರಿದರೂ ಸುಮ್ನೆ ಮಲಗಿರುತ್ತಾಳೆ. ಸಂಜೆ ಟಾರ್ಚ್ ಹಿಡಿದು ಬೆರಳು ಬೆರಳು ನೋಡಲೇಬೇಕು.

ಯಾರೋ ಪುಣ್ಯಾತ್ಮರು ಇವಳ ಹಿಂಭಾಗಕ್ಕೆ ಕಟ್ಟುವ ಚಕ್ರದ ಗಾಡಿ ಕೊಟ್ಟರು. ಆದರೆ ತೋಟದ ಇಳಿಜಾರಿನಲ್ಲಿ ಅದು ಮಗುಚುತ್ತದೆ. ಸಮತಟ್ಟಾದ ಜಾಗ ಅಂದರೆ ಕಾಫಿ ಕಣ ಒಂದೇ. ಮಳೆಗಾಲದಲ್ಲಿ ಅಲ್ಲಿ ಪಾಚಿ, ಕುಯ್ಲಿನ ಸಮಯದಲ್ಲಿ ಕಾಫಿ. ಮಧ್ಯೆ ಸಿಕ್ಕಷ್ಟು ದಿನ ಅವಳ ಸವಾರಿ.

ಈಗ ನಮ್ಮ ಹಳೆ ನಾಯಿ ಕರಿಯನ ವಿಷಯಕ್ಕೆ ಬರುತ್ತೇನೆ. ಅವನಿಗೆ ಹದಿಮೂರು ದಾಟಿದೆ. ಕಣ್ಣಿಗೆ ಪೊರೆ, ಕಾಲಿಗೆ ಸಂಧಿವಾತ. ಇವಳು ತೆವಳಿಕೊಂಡು ಹತ್ತಿರ ಬಂದರೆ ಗುರ್ರೆನ್ನುತ್ತಿದ್ದ. ನೋಡಿದವರೆಲ್ಲ ‘ಹೊಟ್ಟೆಕಿಚ್ಚು’ ಅಂದರು. ಡಾಕ್ಟರು ಮಾತ್ರ ಅವನ ಸೊಂಟ ಮುಟ್ಟಿ ನೋಡಿದರು. ಅವಳು ಬಂದು ತಾಗಿದಾಗಲೆಲ್ಲ ಅವನಿಗೆ ನೋಯುತ್ತಿತ್ತು, ಅಷ್ಟೆ. ನೋವಿಗೆ ಮಾತ್ರೆ ಶುರುವಾದ ಮೇಲೆ, ಮಲಗಲು ಅವಳು ಹೋಗಲಾಗದ ಜಾಗ ಕೊಟ್ಟ ಮೇಲೆ, ಗುರ್ರೆನ್ನುವುದು ಮುಕ್ಕಾಲು ಪಾಲು ನಿಂತಿತು. ಊಟ ಈಗಲೂ ಬೇರೆ ಬೇರೆ ಕೋಣೆಯಲ್ಲೇ. (ನಾವು ನುಂಗುವ ನೋವಿನ ಮಾತ್ರೆ ನಾಯಿಗೆ ಕೊಡಬೇಡಿ. ಐಬುಪ್ರೊಫೆನ್ ಅವುಗಳ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ.) ನಮ್ಮ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಕೋವಿ ಹಾರಿದಾಗ ಮಾತ್ರ ಇಬ್ಬರಿಗೂ ಒಂದೇ ಮಂಚದ ಅಡಿ ಸಾಕು!

ನಾಯಿಗಳನ್ನು ರಕ್ಷಿಸುವ ಹುಡುಗ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಮಳೆಯಲ್ಲಿ ರಸ್ತೆ ಬದಿ ಕೂತು ನಾಯಿ ಎತ್ತುವವರು ಅವರೇ ಅಲ್ವಾ? ಆದರೆ ಕೊಟ್ಟು ಹೋದ ಮೇಲೆ ಫೋನ್ ಎತ್ತದಿದ್ದರೆ ಹೇಗೆ? ಯಾವ ಮನೆಗೆ ಕಳಿಸುತ್ತೀರೋ ಆ ಮನೆಯ ಹಳೆ ನಾಯಿಯನ್ನು ಮೊದಲು ಬಂದು ನೋಡಿ. ಅದಕ್ಕೆ ಲಸಿಕೆ ಆಗಿದೆಯೇ, ಹೊಸ ನಾಯಿಯನ್ನು ಎರಡು ವಾರ ಬೇರೆ ಇಡಲು ಜಾಗ ಇದೆಯೇ ಕೇಳಿ. ಡಿಸ್ಟೆಂಪರ್, ಪಾರ್ವೊದಂಥ ನಾಯಿಗಳ ಅಂಟುರೋಗ ಮನೆಗೆ ಬಂದರೆ ಮುದಿ ನಾಯಿ ತಡೆಯುವುದು ಕಷ್ಟ. ಔಷಧದ ಖರ್ಚು ಯಾರದು, ಎಷ್ಟು ತಿಂಗಳು, ನನಗೆ ಜ್ವರ ಬಂದರೆ ಅಥವಾ ಮದುವೆಗೆ ಹೋಗಬೇಕಾದರೆ ಯಾವ ಮನೆ – ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಡಿ. ಆ ಎರಡನೇ ಮನೆ ಸಿಗದೆ ನಾನು ತಂಗಿಯ ಮಗಳ ಮದುವೆಗೆ ಮುಹೂರ್ತದ ಹೊತ್ತಿಗೆ ಹೋಗಿ ಊಟದ ಮೊದಲೇ ವಾಪಸ್ ಬಂದೆ. ತಂಗಿ ಇನ್ನೂ ಮಾತಾಡುತ್ತಿಲ್ಲ.

ಪಶುಪಾಲನಾ ಇಲಾಖೆಗೂ ಒಂದು ಕೋರಿಕೆ. ಜಿಲ್ಲೆಯಲ್ಲಿ ಈಗ ಐದು ತಾಲ್ಲೂಕುಗಳಿವೆ. ಪ್ರತಿ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ತಿಂಗಳಿಗೆ ಒಂದು ಮಧ್ಯಾಹ್ನ, ನಮ್ಮಂಥವರಿಗೆ ಉಚ್ಚೆ ಹೊಯ್ಯಿಸುವುದು, ಹುಣ್ಣು ತೊಳೆಯುವುದು, ಕಾಲು ನೀವುವುದನ್ನು ಕೈಯಲ್ಲಿ ಮಾಡಿ ತೋರಿಸಲಿ. ದೊಡ್ಡ ಖರ್ಚಿನ ಕೆಲಸವೇನಲ್ಲ. ಒಂದು ಮೇಜು, ಒಂದು ಬಕೆಟ್ ನೀರು, ತಾಳ್ಮೆ ಇರುವ ಒಬ್ಬ ಡಾಕ್ಟರು ಸಾಕು. ಬೇಕಾದರೆ ನಮ್ಮ ನಾಯಿಯನ್ನೇ ಕರೆತರುತ್ತೇನೆ, ಅವಳು ಕಚ್ಚುವುದಿಲ್ಲ.

– ನಿವೃತ್ತ ಶಿಕ್ಷಕಿ, ನಾಪೋಕ್ಲು