ಸಾವನ್ನು ಹಾಡಿನ ಮೇಲೆ ಹೊರಿಸಬೇಡ

ಪ್ರೀತಿಯ ತಮ್ಮಾ,

ಅಮೆರಿಕದ ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ ಅವರ ಕೊನೆಯ ಆಲ್ಬಮ್ 'ಪರ್ಲ್' ಬಗ್ಗೆ ನೀನು ಕಳಿಸಿದ ಬರಹವನ್ನು ಎರಡು ಸಲ ಓದಿದೆ. ಆ ದನಿ ನಿನ್ನನ್ನು ಹಿಡಿದು ಅಲ್ಲಾಡಿಸಿದೆ ಅನ್ನೋದು ಸಾಲು ಸಾಲಿನಲ್ಲೂ ಗೊತ್ತಾಗುತ್ತದೆ, ಅದು ತುಂಬಾ ಖುಷಿ ಕೊಟ್ಟಿತು. ಆದರೆ ನೀನು ಆಲ್ಬಮ್ ಬಗ್ಗೆ ಬರೆಯೋಕೆ ಕೂತು ಸಾವಿನ ಬಗ್ಗೆ ಬರೆದು ಎದ್ದಿದ್ದೀಯ.

'ಮುನ್ಸೂಚನೆ' ಅನ್ನೋ ಪದ ಏಳು ಸಲ ಬಂದಿದೆ. ಎಣಿಸಿದೆ. ಸ್ವಲ್ಪ ಯೋಚನೆ ಮಾಡು. 1970ರ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸ್‌ನ ಸನ್‌ಸೆಟ್ ಸೌಂಡ್ ಸ್ಟುಡಿಯೋಗೆ ಹೋಗುತ್ತಿದ್ದವಳು 27 ವರ್ಷದ ಹುಡುಗಿ. ಕೊನೆಗೂ ತನಗೆ ಹೊಂದುವ ಬ್ಯಾಂಡ್ ಸಿಕ್ಕಿತ್ತು, ಫುಲ್ ಟಿಲ್ಟ್ ಬೂಗಿ, ಬಹುತೇಕ ಕೆನಡಾದ ಹುಡುಗರು. ಪ್ರೊಡ್ಯೂಸರ್ ಪಾಲ್ ರಾತ್‌ಚೈಲ್ಡ್, 'ದ ಡೋರ್ಸ್' ಅನ್ನೋ ರಾಕ್ ಬ್ಯಾಂಡಿನ ಆಲ್ಬಮ್‌ಗಳನ್ನು ಮಾಡಿದವರು. ಇದು ಕೊನೆಯ ಆಲ್ಬಮ್ ಅಂತ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಕ್ಟೋಬರ್ 4ರಂದು ಹೋಟೆಲ್ ಕೋಣೆಯಲ್ಲಿ ಅವಳು ತೀರಿಹೋಗಿದ್ದು ಹೆರಾಯಿನ್ ಜಾಸ್ತಿಯಾಗಿ, ಆಕಸ್ಮಿಕವಾಗಿ. ಆಲ್ಬಮ್ ಬಂದದ್ದು 1971ರ ಜನವರಿಯಲ್ಲಿ. ಕೇಳಿದವರಿಗೆಲ್ಲ ಸುದ್ದಿ ಮೊದಲೇ ಗೊತ್ತಿತ್ತು, ಹಾಗಾಗಿ ಪ್ರತಿ ಹಾಡಲ್ಲೂ ಅದೇ ಕೇಳಿಸಿತು. ನಿನಗೂ ಹಾಗೇ ಆಗಿದೆ.

ಕೊನೆಯ ಹಾಡು 'ಗೆಟ್ ಇಟ್ ವೈಲ್ ಯೂ ಕ್ಯಾನ್' (ಸಿಗುವಾಗಲೇ ಪಡೆದುಕೋ) ಅವಳ ವಿದಾಯ ಅಂತ ಬರೆದಿದ್ದೀಯ. ಅದು ಅವಳು ಬರೆದ ಹಾಡೇ ಅಲ್ಲ. ಮೂರ್ನಾಲ್ಕು ವರ್ಷ ಮೊದಲೇ ಹೋವರ್ಡ್ ಟೇಟ್ ಅನ್ನೋ ಗಾಯಕ ಹಾಡಿದ್ದು. ಅವಳಿಗೆ ಇಷ್ಟವಾಯಿತು, ಹಾಡಿದಳು, ಅಷ್ಟೇ. ಬರೆಯಬೇಕಾದ್ದು ಟೇಟ್ ಹಾಡಿದ್ದನ್ನೂ ಅವಳು ಹಾಡಿದ್ದನ್ನೂ ಅಕ್ಕಪಕ್ಕ ಇಟ್ಟು ಕೇಳಿದಾಗ ಏನು ಬದಲಾಗಿದೆ ಅನ್ನೋದನ್ನು. ಆ ಕೆಲಸ ಕಷ್ಟ, ಅದಕ್ಕೇ ನಾವೆಲ್ಲ ಸಾವಿನ ಕಡೆ ಓಡುತ್ತೇವೆ. ನಾನೂ ನಿನ್ನ ವಯಸ್ಸಿನಲ್ಲಿ ಓಡಿದ್ದೇನೆ. ಆಗ ಬರೆದ ಒಂದು ಲೇಖನ ಇವತ್ತಿಗೂ ನನ್ನನ್ನು ಚುಚ್ಚುತ್ತದೆ, ಅದರಲ್ಲಿ ಒಂದು ರಾಗದ ಹೆಸರೂ ಇಲ್ಲ.

ಜಾನಿಸ್ ಬೆಸ್ಸಿ ಸ್ಮಿತ್ ಸಮಾಧಿಗೆ ಕಲ್ಲು ಹಾಕಿಸಿದ್ದನ್ನೂ ನೀನು ಸಾವಿನ ಸೂಚನೆ ಅಂತಲೇ ಓದಿದ್ದೀಯ. ಬೆಸ್ಸಿ 1937ರಲ್ಲಿ ತೀರಿಕೊಂಡ ದೊಡ್ಡ ಬ್ಲೂಸ್ ಗಾಯಕಿ. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಹಾಡಿನ ಬಗೆ. 33 ವರ್ಷ ಅವರ ಸಮಾಧಿಯ ಮೇಲೆ ಒಂದು ಕಲ್ಲೂ ಇರಲಿಲ್ಲ. 1970ರ ಆಗಸ್ಟಿನಲ್ಲಿ ಜಾನಿಸ್ ಮತ್ತು ಹುವಾನಿಟಾ ಗ್ರೀನ್ ಸೇರಿ ದುಡ್ಡು ಹಾಕಿ ಕಲ್ಲು ನಿಲ್ಲಿಸಿದರು. ಹುವಾನಿಟಾ ಚಿಕ್ಕವರಿದ್ದಾಗ ಬೆಸ್ಸಿ ಮನೆಯಲ್ಲಿ ಕೆಲಸ ಮಾಡಿದ್ದವರು. ಟೆಕ್ಸಾಸ್‌ನ ಪೋರ್ಟ್ ಆರ್ಥರ್ ಅನ್ನೋ ಎಣ್ಣೆ ಶುದ್ಧೀಕರಣದ ಊರಲ್ಲಿ ಬೆಳೆದ ಬಿಳಿ ಹುಡುಗಿ, ಕಪ್ಪು ಹೆಂಗಸರ ರೆಕಾರ್ಡ್ ಕೇಳಿ ಕೇಳಿ ಹಾಡು ಕಲಿತವಳು, ಗುರುವಿನ ಋಣ ತೀರಿಸಿದಳು. ಇದನ್ನು ಹೀಗೆ ಬರೆದರೆ ಅವಳ ದನಿ ಎಲ್ಲಿಂದ ಬಂತು ಅನ್ನೋದೂ ಓದುಗರಿಗೆ ಸಿಗುತ್ತದೆ ಅಲ್ವಾ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ರೆಕಾರ್ಡಿನ ಮೊದಲ ಬದಿಯ ಐದನೇ ಟ್ರ್ಯಾಕ್, 'ಬರೀಡ್ ಅಲೈವ್ ಇನ್ ದ ಬ್ಲೂಸ್', ಅಂದರೆ ಬ್ಲೂಸ್‌ನಲ್ಲಿ ಜೀವಂತ ಹೂತುಹೋದದ್ದು. ನಿಕ್ ಗ್ರಾವನೈಟಿಸ್ ಬರೆದ ಹಾಡು. ನೀನು ಶೀರ್ಷಿಕೆ ನೋಡಿ ಎರಡು ಪ್ಯಾರಾ ಬರೆದಿದ್ದೀಯ, ಅದರಲ್ಲಿ 'ಶೋಕಗೀತೆ' ಅಂತ ಬೇರೆ. ಇನ್ನೊಮ್ಮೆ ಕೇಳು. ಎರಡೂವರೆ ನಿಮಿಷ ಬರೀ ವಾದ್ಯ. ಡ್ರಮ್ಸ್ ದಬದಬ ಓಡುತ್ತದೆ, ಆರ್ಗನ್ನು ಪಿಯಾನೋ ಒಂದನ್ನೊಂದು ತಳ್ಳಿಕೊಂಡು ಹೋಗುತ್ತವೆ, ಕುಣಿಯೋ ಹಾಗಿದೆ. ಯಾಕೆ ಗೊತ್ತಾ? ಅದನ್ನು ನುಡಿಸಿದಾಗ ಅವಳು ಬದುಕಿದ್ದಳು. ತೀರಿಹೋಗುವ ಹಿಂದಿನ ದಿನ, ಶನಿವಾರ, ಸ್ಟುಡಿಯೋಗೆ ಬಂದು ಆ ಟ್ರ್ಯಾಕ್ ಕೇಳಿದ್ದಳು, ಭಾನುವಾರ ಬಂದು ಹಾಡಬೇಕಿತ್ತು. ಆ ಹುಡುಗರು ನುಡಿಸಿದ್ದು ಮಾರನೇ ದಿನ ಬರೋ ದನಿಗೆ ಜಾಗ ಬಿಟ್ಟುಕೊಂಡು. ಆ ಜಾಗಕ್ಕೆ ಆಮೇಲೆ ಬೇರೆ ದನಿ ತುಂಬಲಿಲ್ಲ, ಖಾಲಿಯಾಗಿಯೇ ಆಲ್ಬಮ್‌ಗೆ ಹಾಕಿದರು. ಇಡೀ ಆಲ್ಬಮ್‌ನಲ್ಲಿ ಸಾವು ನಿಜವಾಗಿ ಇರೋದು ಇಲ್ಲಿ ಮಾತ್ರ, ಅದೂ ಕುಣಿಯೋ ತಾಳದಲ್ಲಿ. ನಿನ್ನ ಲೇಖನದಲ್ಲೂ ಸಾವು ಇಲ್ಲಿ ಒಂದೇ ಕಡೆ ಇರಲಿ, ಎರಡು ಸಾಲು ಸಾಕು.

'ಮರ್ಸಿಡಿಸ್ ಬೆಂಜ್' ಬಗ್ಗೆ ನೀನು ಒಂದೇ ಸಾಲು ಬರೆದಿರೋದು ನನಗೆ ಬೇಜಾರಾಯಿತು. ಅಕ್ಟೋಬರ್ 1, ಒಂದೇ ಟೇಕ್, ಯಾವ ವಾದ್ಯವೂ ಇಲ್ಲ. ಮೊದಲು ಬಹಳ ಗಂಭೀರ ವಿಷಯ ಹಾಡುತ್ತೇನೆ ಅನ್ನೋ ಹಾಗೆ ಭಾಷಣದ ಧಾಟಿಯಲ್ಲಿ ಮಾತು. ಆಮೇಲೆ ದೇವರ ಹತ್ತಿರ ಕಾರು ಕೇಳುತ್ತಾಳೆ, ಟೀವಿ ಕೇಳುತ್ತಾಳೆ. ಮುಗಿದ ಮೇಲೆ ಒಂದು ನಗು. ಕಿಲಕಿಲ ಅಲ್ಲ, ಗಂಟಲಿಂದ ಒಡೆದು ಬರೋ ನಗು. ಅದು ಅವಳ ಕೊನೆಯ ರೆಕಾರ್ಡಿಂಗ್‌ಗಳಲ್ಲಿ ಒಂದು. ಆ ನಗುವನ್ನು ಕನ್ನಡದಲ್ಲಿ ಕೇಳಿಸೋಕೆ ಒಂದು ದಿನ ಪೂರ್ತಿ ಕೂರು, ಪರವಾಗಿಲ್ಲ.

'ಮೀ ಅಂಡ್ ಬಾಬಿ ಮಗೀ' ಅನುವಾದದ ಬಗ್ಗೆ ಒಂದು ಮಾತು. ಕ್ರಿಸ್ ಕ್ರಿಸ್ಟಾಫರ್ಸನ್ ಬರೆದ ಮೂಲ ಹಾಡಿನಲ್ಲಿ ಬಾಬಿ ಹೆಣ್ಣು, ಜಾನಿಸ್ ಗಂಡು ಮಾಡಿಕೊಂಡಳು. ಇಂಗ್ಲಿಷಿನಲ್ಲಿ ಒಂದೆರಡು ಪದ ತಿರುಗಿಸಿದರೆ ಆಯಿತು. ನಮಗೆ ಹಾಗಲ್ಲ, ಹೋದಳು, ನಕ್ಕಳು, ಜಾರಿದಳು ಎಲ್ಲಾ ಬದಲಾಗುತ್ತವೆ. ನೀನು ಅರ್ಧಕ್ಕೆ ಮರೆತಿದ್ದೀಯ, ಮೂರನೇ ಸಾಲಲ್ಲಿ ಬಾಬಿ ಮತ್ತೆ ಹೆಣ್ಣಾಗಿದ್ದಾನೆ. ಹಾಡಿನ ಕೊನೆಗೆ ಪದಗಳೇ ಬಿಟ್ಟುಹೋಗಿ ಬರೀ ಲಾ ಲಾ ಅಂತ ಓಡುತ್ತಾಳಲ್ಲ, ಅದನ್ನು ಅನುವಾದ ಮಾಡಬೇಡ, ಸುಮ್ನೆ ಹೇಗಿದೆ ಅಂತ ಹೇಳು. ಈ ಹಾಡು 1971ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು ಅನ್ನೋದು ಒಂದು ಸಾಲಲ್ಲಿ ಬಂದರೆ ಸಾಕು. ಹಾಂ, 'ನೀಲಿ ಸಂಗೀತ' ಅಂತ ಎಲ್ಲೂ ಬರೆಯಬೇಡ, ಬ್ಲೂಸ್ ಅಂದರೆ ಬ್ಲೂಸ್.

ಮತ್ತೆ ಬರೆದು ಕಳಿಸು. ಅವಸರ ಇಲ್ಲ, ಮುಂದಿನ ಭಾನುವಾರ ಬಂದರೂ ಓದುತ್ತೇನೆ. ಕಳಿಸುವಾಗ ಆ ಐದನೇ ಟ್ರ್ಯಾಕಿನಲ್ಲಿ ಅವಳು ಎಲ್ಲಿ ಶುರು ಮಾಡುತ್ತಿದ್ದಳು ಅಂತ ನಿನಗೆ ಅನಿಸುತ್ತದೆ, ಎಷ್ಟನೇ ಸೆಕೆಂಡಿಗೆ, ಅದನ್ನೂ ಬರೆ. ನಾನು ನನ್ನದನ್ನು ಗುರುತು ಹಾಕಿಟ್ಟಿದ್ದೇನೆ.

ಪ್ರೀತಿಯಿಂದ,
ಅಕ್ಕ