ಭಾನುವಾರ ಹೆಗ್ಗೋಡಿಗೆ ಹೊರಡುವ ಮುಂಚೆ

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಸೇರಿದವರು, ನಾವು ನೋಡಲು ಹೋಗುತ್ತಿರುವ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ಬಗ್ಗೆ ಕೇಳಿದ್ದಿರಿ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪೂರ್ತಿ ಹೆಸರು ನೀಲಕಂಠೇಶ್ವರ ನಾಟ್ಯಸೇವಾ ಸಂಘ. 1949ರಲ್ಲಿ ಸಾಗರ ತಾಲ್ಲೂಕಿನ ಈ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ಕಟ್ಟಿದರು. ಆಗ ಸುಬ್ಬಣ್ಣನವರಿಗೆ ಬರೀ 17 ವರ್ಷ! ಸುತ್ತ ಅಡಿಕೆ ತೋಟ, ಜೋರು ಮಳೆ. ಊರಿನವರೇ ಬಣ್ಣ ಹಚ್ಚಿಕೊಂಡು ನಾಟಕ ಆಡುತ್ತಿದ್ದರು. 1973ರ ಹೊತ್ತಿಗೆ ಫಿಲ್ಮ್ ಸೊಸೈಟಿ ಬಂತು. ದಿನವಿಡೀ ತೋಟದಲ್ಲಿ ದುಡಿದವರು ಸಂಜೆ ಕೂತು ಜಗತ್ತಿನ ದೊಡ್ಡ ದೊಡ್ಡ ನಿರ್ದೇಶಕರ ಸಿನಿಮಾ ನೋಡಿದರು. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಇದೇ. ಹಳ್ಳಿಯವರಿಗೆ ಅರ್ಥವಾಗಲ್ಲ ಅಂತ ನೀನಾಸಂನವರು ಯಾವತ್ತೂ ಅಂದುಕೊಳ್ಳಲಿಲ್ಲ.

1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. ನಟರು, ಸೆಟ್ಟು, ಲೈಟು ಎಲ್ಲವನ್ನೂ ಕಟ್ಟಿಕೊಂಡು ಊರೂರಿಗೆ ಹೋಗುವ ತಂಡ ಅದು. ನಿಮ್ಮ ಊರಿಗೂ ಬಂದಿರಬಹುದು, ಅಲ್ವಾ? 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಅಲ್ಲಿನ ಶಿವರಾಮ ಕಾರಂತ ರಂಗಮಂದಿರದಲ್ಲಿ ಸುಮ್ನೆ ಐದು ನಿಮಿಷ ಕೂತು ನೋಡಿ. ತಾಲೀಮು ನಡೆಯುತ್ತಿದ್ದರೆ ಮೊಬೈಲ್ ಆಫ್ ಮಾಡಿ. ಬೆಳಿಗ್ಗೆ 8ಕ್ಕೆ ಸಾಗರ ಬಸ್ ಸ್ಟ್ಯಾಂಡಿನಲ್ಲಿ ಸೇರೋಣ. ಕೊಡೆ ಮರೆಯಬೇಡಿ.