ಸುಮ್ಮ ಕುಂತಾವಗೂ ಪಗಾರ ಯಾಕ ಅಂತ ಕೇಳಿದವರಿಗೆ

ಸಂಪಾದಕರಿಗೆ ನಮಸ್ಕಾರ ರೀ,

ಮೊನ್ನೆ ನಿಮ್ಮ ಪೇಪರ್‌ನ್ಯಾಗ ಓದುಗರೊಬ್ಬರು ಬರದಿದ್ರು, ಮುಂಬೈಗೆ ಹೋದಾಗ ಸಿಂಫನಿ ಆರ್ಕೆಸ್ಟ್ರಾ, ಅಂದ್ರ ಪಾಶ್ಚಾತ್ಯ ಸಂಗೀತದ ದೊಡ್ಡ ವಾದ್ಯಮೇಳ, ನೋಡಿದ್ವಿ, ಪಿಟೀಲಿನವರು ಬೆವರು ಸುರಿಸ್ಕೋತ ನುಡಸಾಕತ್ತಿದ್ರ ಹಿಂದಿನ ಸಾಲಿನ ಟ್ರಂಪೆಟ್‌ನಾಂವ ಅರ್ಧಕ್ಕಿಂತ ಜಾಸ್ತಿ ಹೊತ್ತು ಅದನ್ನ ತೊಡಿ ಮ್ಯಾಲೆ ಇಟಗೊಂಡು ಸುಮ್ಮ ಕುಂತಿದ್ದ, ಇವಂಗೂ ಪಗಾರ ಕೊಡಬೇಕೇನು ಅಂತ. ಓದಿ ಮೊದಲ ನಗು ಬಂತು, ಆಮ್ಯಾಲೆ ಸಿಟ್ಟು ಬಂತು. ನಾ ಇಲ್ಲೇ ಬೆಳಗಾವ್ಯಾಗ ಲಗ್ನದ ಬ್ಯಾಂಡಿನ್ಯಾಗ ಟ್ರಂಪೆಟ್ ಊದಾಂವ, ಸಿಂಫನಿ ಸ್ಟೇಜ್ ಹತ್ತಿದಾಂವಲ್ಲ, ಆದ್ರ ನಂಗ ಕಲಿಸಿದವರು ಮಿಲಿಟರಿ ಬ್ಯಾಂಡಿನ್ಯಾಗ ಇದ್ದು ರಿಟೈರ್ ಆದವರು, ಬರದ ನೋಟ್ಸ್ ನೋಡಿ ಊದೂದು ಅಂದ್ರೇನಂತ ಅವರ ಕೈಯಾಗ ಬೈಸ್ಕೊಂಡ ಕಲ್ತೀನಿ.

ಆ ಸುಮ್ಮ ಕುಂತಾಂವ ಎಣಸಾಕತ್ತಿರ್ತಾನ ರೀ. ನೋಟ್ಸಿನ್ಯಾಗ 80 ಬಾರ್ ರೆಸ್ಟ್ (ಬಾರ್ ಅಂದ್ರ ತಾಳದ ಒಂದು ಸುತ್ತು) ಅಂತ ಒಂದ ಗೆರಿ ಹಾಕಿರ್ತಾರ, ಅಷ್ಟನ್ನೂ ಮನಸಿನ್ಯಾಗ ಎಣಸಬೇಕು, ಅಷ್ಟರಾಗ ಪಿತ್ತಾಳಿ ತಣ್ಣಗಾಗಿ ಸ್ವರ ಇಳೀತದ, ಅದಕ್ಕ ಸಪ್ಪಳ ಬರದಂಗ ಒಳಗ ಬಿಸಿ ಉಸಿರು ಬಿಟಗೋತ ಕುಂದರಬೇಕು, 81ನೇ ಬಾರ್‌ಗೆ ಮುಂದ ನಿಂತು ಮೇಳ ನಡಸೋ ಕಂಡಕ್ಟರ್ ಕೈ ಮಾಡಿದ ತಕ್ಷಣ ಒಂದ ಏಟಿಗೆ ಸ್ವರ ಬರಬೇಕು. ಪಿಟೀಲಿನವರು ಹತ್ತು ಹದಿನೈದು ಮಂದಿ ಕೂಡಿ ಒಂದ ಪಾರ್ಟ್, ಅಂದ್ರ ಒಂದ ಸ್ವರದ ಸಾಲು, ನುಡಸ್ತಾರ, ಒಬ್ಬಾಂವ ತಪ್ಪಿದ್ರ ಮುಚ್ಚಿ ಹೋಗ್ತದ. ಟ್ರಂಪೆಟ್ಟಿಗೆ ಒಂದ ಪಾರ್ಟಿಗೆ ಒಬ್ಬನ. ಕಿಕ್ ಅಂತ ಒಡದ್ರ ಬಾಲ್ಕನ್ಯಾಗ ಕುಂತವರಿಗೂ ಗೊತ್ತು.

ಇನ್ನ ತುಟಿ ಸುದ್ದಿ. ನಮ್ಮ ಕಡೆ ಕರಡಿ ಮಜಲಿನ ವಾದ್ಯಮೇಳದಾಗ ಸನಾದಿ ಊದೂದು ನೋಡೀರಿ, ಅದಕ್ಕೊಂದು ಪೀಪಿ ಇರ್ತದ, ಟ್ರಂಪೆಟ್ಟಿಗೆ ಅಂಥಾದ್ದಿಲ್ಲ, ತುಟೀನ ಪೀಪಿ. ಸನಾದಿ ಪೀಪಿ ಸೀಳಿದ್ರ ಇನ್ನೊಂದು ಹಾಕಬಹುದು, ತುಟಿ ಸೀಳಿದ್ರ ಏನ ಹಾಕೂದು? ಸುಮಾರು ನಾಲ್ಕೂವರಿ ಫೂಟ್ ಪೈಪ್ ಸುತ್ತಿದ್ದು ಅದು, ಗುಂಡಿ ಮೂರ ಮೂರು, ಉಳಿದಿದ್ದೆಲ್ಲಾ ತುಟಿ ಬಿಗಿ ಮಾಡಿ ಸಡಿಲ ಮಾಡಿ ತಗೀಬೇಕು, ಮ್ಯಾಲ ಹೋದಂಗ ಸ್ವರ ಒಂದಕ್ಕೊಂದು ಅಷ್ಟು ಹತ್ರ ಬರ್ತಾವ ಕೂದಲೆಳಿ ಅಷ್ಟು ಜಾರಿದ್ರ ಬಾಜೂದ್ದು ಬರ್ತದ. ಅದಕ್ಕ ಆರ್ಕೆಸ್ಟ್ರಾದವರು ಕಚೇರಿ ಇರಲಿ ಬಿಡಲಿ ಮುಂಜಾನೆದ್ದು ಲಾಂಗ್ ಟೋನ್ (ಒಂದ ಸ್ವರ ಉದ್ದಕ ಹಿಡಿಯೂದು), ಸ್ಲರ್ (ಸ್ವರದಿಂದ ಸ್ವರಕ್ಕ ಕಡೀದಂಗ ಹೋಗೂದು) ಅಂತ ಊದ್ತಾರ, ಊದಿದಷ್ಟ ಹೊತ್ತು ರೆಸ್ಟೂ ಕೊಡ್ತಾರ. ರಜಾ ತಗೊಂಡು ಊರಿಗೆ ಹೋದ್ರೂ ತುಟಿಗೆ ಹಚ್ಚೋ ಮೌತ್‌ಪೀಸ್ ಜೇಬಿನ್ಯಾಗ. ಹಲ್ಲು ಅಲಗಾಡಿದ್ರ ಎದಿ ಝಲ್ ಅಂತದ, ಹಲ್ಲಿನ ಡಾಕ್ಟರಿಗೆ ನಮ್ಮ ಕಷ್ಟ ತಿಳಿಸಿ ಹೇಳೂದ ಒಂದು ಕೆಲಸ. ಚಿಕಾಗೋ ಸಿಂಫನಿಯೊಳಗ ಅಡಾಲ್ಫ್ ಹರ್ಸೆತ್ ಅಂತಿದ್ರು, 1948ರಿಂದ 2001ರ ತನಕ ಮೊದಲನೇ ಕುರ್ಚಿ, ಅಂದ್ರ ಟ್ರಂಪೆಟ್‌ನವರ ಮುಖ್ಯಸ್ಥ, ನಡುವ ಕಾರ್ ಆಕ್ಸಿಡೆಂಟ್ ಆಗಿ ಹಲ್ಲು ತುಟಿ ಎರಡೂ ಜಖಂ ಆಗಿದ್ವು, ಆದ್ರೂ ತಿರುಗಿ ಬಂದು ಊದಿದ್ರು. ಅಂಥವರು ಸಾವಿರಕ್ಕೊಬ್ಬರು, ಎಷ್ಟೋ ಮಂದೀದು ತುಟಿಯ ನರ ಮಾತು ಕೇಳದಂಗಾಗಿ ಅಲ್ಲಿಗೆ ಕೆಲಸ ಮುಗೀತದ.

ಮಾಹ್ಲರ್ ಅನ್ನೋ ಸಂಗೀತಗಾರ ಆರ್ಕೆಸ್ಟ್ರಾಕ್ಕ ಬರದ ಐದನೇ ಸಿಂಫನಿ ಶುರು ಆಗೂದ ಒಂಟಿ ಟ್ರಂಪೆಟ್‌ಲೇ, ಜೊತಿಗೆ ಯಾರೂ ಇಲ್ಲ, ಹಾಲ್ ತುಂಬ ಮಂದಿ ಉಸಿರು ಹಿಡಕೊಂಡು ಕುಂತಿರ್ತಾರ. ಬೀಥೋವನ್‌ಂದು ಲಿಯೋನೋರ್ ಮೂರನೇ ಓವರ್ಚರ್ (ನಾಟಕ ಶುರು ಆಗೂ ಮೊದಲ ನುಡಸೋ ಸಂಗೀತ) ಅದರಾಗಂತೂ ಸ್ಟೇಜ್ ಹಿಂದ ಕಾಣದಂಗ ನಿಂತು ಎರಡು ಸಲ ಊದಬೇಕು. ಹಂಗ ನಿಂತಾವನ್ನ ವಾಚ್‌ಮನ್ ಹಿಡದು, ಒಳಗ ಕಚೇರಿ ನಡದದ ಇಲ್ಲೇನ್ ಪೀಂ ಪೀಂ ಹಚ್ಚಿ ಅಂತ ಎಳಕೊಂಡು ಹೋದ ಅನ್ನೋ ಜೋಕ್ ನಮ್ಮ ಮಂದ್ಯಾಗ ಭಾಳ ಹಳೇದು.

ಕೆಲಸ ಸಿಗೂದೂ ಸುಲಭ ಅಲ್ಲ. ಹೊರದೇಶದಾಗ ಒಂದ ಸೀಟಿಗೆ ನೂರಾರು ಅರ್ಜಿ, ಪರದೆ ಹಿಂದ ನಿಂತು ಕೆಲವು ನಿಮಿಷ ಊದಿ ತೋರಸಬೇಕು, ಮುಖ ಸುದ್ದ ನೋಡೂದಿಲ್ಲ. ನಮ್ಮ ದೇಶದಾಗ 2006ರಾಗ ಮುಂಬೈ ಎನ್‌ಸಿಪಿಎ ಅನ್ನೋ ಕಲಾಕೇಂದ್ರದಾಗ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಶುರು ಆತು, ಅದಕ್ಕೂ ಸೀಸನ್ ಬಂದಾಗ ಹೊರಗಿನಿಂದ ಭಾಳ ಮಂದಿ ಬರ್ತಾರ. ಉಳದ್ರ ಇಲ್ಲಿ ಮಿಲಿಟರಿ ಬ್ಯಾಂಡು, ಮೈಸೂರಾಗ ಪೊಲೀಸ್ ಬ್ಯಾಂಡು, ಇಲ್ಲಂದ್ರ ನಮ್ಮಂಗ ವರಾತ, ಅಂದ್ರ ಲಗ್ನದ ಮೆರವಣಿಗಿ. ಪಕ್ಕದ ಗೋವಾದವರು ಒಂದ ಕಾಲಕ್ಕ ಮುಂಬೈ ಸಿನಿಮಾ ರೆಕಾರ್ಡಿಂಗ್‌ನ್ಯಾಗ ಟ್ರಂಪೆಟ್ ಊದಿ ಜೀವನ ಮಾಡಿದ್ರು, ಈಗ ಕೀಬೋರ್ಡಿನ್ಯಾಗ ಒಂದು ಬಟನ್ ಒತ್ತಿದ್ರ ಆತು.

ಇದೆಲ್ಲಾ ಯಾಕ ಬರ್ದೆ ಅಂದ್ರ, ಆ ಪತ್ರದವರ ಲೆಕ್ಕಾನ ನಮಗೂ ಹಾಕ್ತಾರ. ಎರಡು ತಾಸು ಬಿಸಲಾಗ ನಿಂದರಿಸಿ ಆಮ್ಯಾಲೆ ಒಂದ ಸಮ ಊದ್ರಿ ಅಂತಾರ, ನಡುವ ತುಟಿ ಇಳಿಸಿದ್ರ ರೊಕ್ಕ ಕಟ್, ಮುಂದ ಡಿಜೆ ಗಾಡಿ ಹಚ್ಚಿ ಅದಕ್ಕಿಂತ ಜೋರ ಬರಲಿ ಅಂತಾರ. ಹಂಗ ಒತ್ತಿ ಊದಿ ರಕ್ತ ಬಂದದ್ದು ನಮ್ಮೊಳಗ ಸಾಮಾನ್ಯ. ಈ ಸೀಸನ್‌ಗೆ ಬ್ಯಾಂಡ್ ಗೊತ್ತು ಮಾಡಿ ಸುಪಾರಿ ಕೊಡಾಕ ಬರೋರು ನಡುವ ರೆಸ್ಟ್ ಎಷ್ಟು, ಕಾಯಿಸಿದ್ದಕ್ಕ ರೊಕ್ಕ ಎಷ್ಟು ಅಂತ ಮೊದಲ ಮಾತಾಡಕೊಳ್ರಿ, ಡಿಜೆ ಬೇಕಂದ್ರ ಬ್ಯಾಂಡ್ ಬ್ಯಾಡ ಅಂತ ಸೀದಾ ಹೇಳ್ರಿ, ನಾವೇನು ಬ್ಯಾಸರ ಮಾಡಕೊಳ್ಳೂದಿಲ್ಲ.

— ಒಬ್ಬ ಬ್ಯಾಂಡ್ ವಾದಕ, ಬೆಳಗಾವಿ